ಸೈನಿಕರಿಗೆ ಮಾನವ ಹಕ್ಕುಗಳ ತರಬೇತಿ ನಡೆಸುವುದು ಹೇಗೆ: ಕಾರವಾರದ ಕಡಲಂಚಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಬೈತಖೋಲ ಬಂದರಿನಿಂದ ಸಂಜೆ ಹೊರಟ ಪಾತಿದೋಣಿಯ ಎಂಜಿನ್ ನಡುರಾತ್ರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಗಾಳಿಯೂ ನೀರಿನ ಸೆಳೆತವೂ ಅದನ್ನು ದಕ್ಷಿಣಕ್ಕೆ ಎಳೆದು, ಬೆಳಗಿನ ಜಾವದ ಹೊತ್ತಿಗೆ ಅರ್ಗಾದ ನೌಕಾನೆಲೆಯ ನಿಷೇಧಿತ ನೀರಿನೊಳಕ್ಕೆ ತಂದು ಬಿಡುತ್ತವೆ. ಗಸ್ತಿನ ದೋಣಿಯಿಂದ ಬೆಳಕು ಬಿದ್ದಾಗ ದೋಣಿ ನಡೆಸುವ ತಾಂಡೇಲನಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಬೆಳಕಿನ ಹಿಂದೆ ಬಂದೂಕು ಹಿಡಿದು ನಿಂತ ಇಪ್ಪತ್ತೊಂದು ವರ್ಷದ ನಾವಿಕನಿಗೆ ಅವನ ಕೊಂಕಣಿ ಅರ್ಥವಾಗುವುದಿಲ್ಲ. ಇಬ್ಬರೂ ಹೆದರಿದ್ದಾರೆ. ಮುಂದಿನ ಹತ್ತು ನಿಮಿಷಗಳಲ್ಲಿ ಆ ನಾವಿಕನ ಕೈ, ಬಾಯಿ, ಬುದ್ಧಿ ಹೇಗೆ ನಡೆದುಕೊಳ್ಳುತ್ತವೆ ಎಂಬುದೇ ಮಾನವ ಹಕ್ಕುಗಳ ತರಬೇತಿಯ ನಿಜವಾದ ವಿಷಯವೆಂದು ನಾನು ನಂಬಿದ್ದೇನೆ.

ನಾನು ಕಾರವಾರದಲ್ಲಿ ವಕೀಲಿ ಮಾಡುವವನು. ಸಮವಸ್ತ್ರ ತೊಟ್ಟವರಿಗೆ ಕಾನೂನಿನ ತಿಳಿವಳಿಕೆ ನೀಡಲು ಮೊದಲ ಬಾರಿ ಹೋದಾಗ ಎರಡು ತಾಸು ಸಂವಿಧಾನದ ವಿಧಿಗಳನ್ನೂ ಅಂತರರಾಷ್ಟ್ರೀಯ ಒಪ್ಪಂದಗಳನ್ನೂ ಓದಿ ವಿವರಿಸಿದ್ದೆ. ಚಹದ ವೇಳೆಯಲ್ಲಿ ಹವಾಲ್ದಾರರೊಬ್ಬರು ಹತ್ತಿರ ಬಂದು, “ಸರ್, ನೀವು ಹೇಳಿದ್ದೆಲ್ಲ ಸರಿ. ಕತ್ತಲೆಯಲ್ಲಿ ಒಬ್ಬ ನನ್ನನ್ನು ನೋಡಿ ಓಡಿದರೆ ನಾನು ಮೊದಲು ಮಾಡಬೇಕಾದ್ದು ಏನು?” ಎಂದು ಕೇಳಿದರು. ಅದಕ್ಕೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಕೇಂದ್ರದಲ್ಲಿಟ್ಟುಕೊಂಡು ಅನಂತರ ರೂಪಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಪನ್ಮೂಲ ವ್ಯಕ್ತಿಗಳಾಗಿ ಹೋಗುವ ವಕೀಲರಿಗೆ, ಕಾನೂನು ಅಧ್ಯಾಪಕರಿಗೆ, ಘಟಕಗಳೊಳಗೇ ತರಬೇತಿಯ ಹೊಣೆ ಹೊತ್ತ ಸೇನೆಯ ಸುಬೇದಾರರು ಮತ್ತು ನೌಕಾಪಡೆಯ ಪೆಟ್ಟಿ ಆಫೀಸರುಗಳಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲ ಹಂತ: ಪಠ್ಯ ಬರೆಯುವ ಮುನ್ನ ಕೆಲಸವನ್ನು ನೋಡುವುದು

ಪಠ್ಯಕ್ರಮಕ್ಕೆ ಕೈ ಹಾಕುವ ಮೊದಲು, ಆ ಘಟಕದವರು ನಾಗರಿಕರಿಗೆ ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಎದುರಾಗುತ್ತಾರೆ ಎಂಬುದನ್ನು ಮೂರು ನಾಲ್ಕು ದಿನ ಕೇಳಿ, ನೋಡಿ ಬರೆದುಕೊಳ್ಳಬೇಕು. ಗೇಟಿನ ಕಾವಲಿನವನ ಕಷ್ಟ ಒಂದಾದರೆ, ಗಸ್ತಿನಲ್ಲಿ ಬೇರೆ ದೋಣಿಯನ್ನು ಹತ್ತಿ ತಪಾಸಣೆ ಮಾಡುವವನದು ಇನ್ನೊಂದು. ನೆರೆ ಬಂದಾಗ ಪರಿಹಾರಕ್ಕೆ ಹೊರಡುವ ತುಕಡಿಯದು ಬೇರೆ, ಮುಂದಿನ ವರ್ಷ ಮಣಿಪುರಕ್ಕೋ ವಿಶ್ವಸಂಸ್ಥೆಯ ಶಾಂತಿಪಾಲನೆಗೋ ಹೋಗಲಿರುವವರದು ಮತ್ತೂ ಬೇರೆ. ಎಲ್ಲರನ್ನೂ ಒಂದೇ ಸಭಾಭವನದಲ್ಲಿ ಕೂರಿಸಿ ಒಂದೇ ಪಾಠ ಹೇಳಿದರೆ ಅದು ಯಾರ ಕೆಲಸಕ್ಕೂ ಅಂಟುವುದಿಲ್ಲ.

ಹುದ್ದೆಗೆ ತಕ್ಕಂತೆಯೂ ವಿಂಗಡಿಸಬೇಕು. ಜವಾನನಿಗೂ ನಾವಿಕನಿಗೂ ತನ್ನ ಕೈ ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಿಳಿದಿರಬೇಕು. ಹವಾಲ್ದಾರನಿಗೆ ತನ್ನವರ ಕೈಯನ್ನು ಯಾವಾಗ ಹಿಡಿದು ನಿಲ್ಲಿಸಬೇಕೆಂಬುದು ತಿಳಿದಿರಬೇಕು. ಅಧಿಕಾರಿಗೆ ತಾನು ಕೊಡುವ ಆದೇಶದ ಹೊಣೆಯೂ, ಘಟನೆಯ ಅನಂತರ ತಾನು ಬರೆಯುವ ವರದಿಯ ಹೊಣೆಯೂ ಗೊತ್ತಿರಬೇಕು. ನನ್ನ ಅನುಭವದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ನಡುವಿನವರಿಗೆ, ಏಕೆಂದರೆ ತಪ್ಪು ನಡೆಯುವ ಗಳಿಗೆಯಲ್ಲಿ ಸ್ಥಳದಲ್ಲಿ ಇರುವ ಅತ್ಯಂತ ಹಿರಿಯ ವ್ಯಕ್ತಿ ಬಹುತೇಕ ಅವನೇ.

ಕಾರವಾರದ ಮಟ್ಟಿಗೆ ಇನ್ನೂ ಒಂದು ಕೆಲಸವಿದೆ. ಇಲ್ಲಿನ ನೌಕಾನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ ಗಾಂಧಿಯವರು ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿತು. ಈ ಎರಡು ದಿನಾಂಕಗಳ ನಡುವೆ ಈ ತೀರದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಮತ್ತು ದೋಣಿ ಎಳೆದಿಡುತ್ತಿದ್ದ ಮರಳದಂಡೆಯನ್ನು ಬಿಟ್ಟು ಎದ್ದುಹೋದವು. ಪರಿಹಾರದ ವ್ಯಾಜ್ಯಗಳು ಎಷ್ಟೋ ವರ್ಷ ನ್ಯಾಯಾಲಯಗಳಲ್ಲಿ ನಡೆದವು. ಬಿಹಾರದಿಂದಲೋ ಪಂಜಾಬಿನಿಂದಲೋ ವರ್ಗವಾಗಿ ಬಂದ ಹುಡುಗನಿಗೆ ಇದು ಗೊತ್ತಿರುವ ಸಂಭವವಿಲ್ಲ. ಆದ್ದರಿಂದ ಗೇಟಿನ ಹೊರಗೆ ನಿಂತ ಅಜ್ಜಿಯ ದನಿಯಲ್ಲಿರುವ ಸಿಟ್ಟು ಅವನಿಗೆ ಉದ್ಧಟತನದಂತೆ ಕೇಳುತ್ತದೆ. ತರಬೇತಿಯ ಮೊದಲ ಬೆಳಗ್ಗೆ ಅರ್ಧ ತಾಸು ಈ ಊರಿನ ಕಥೆಗೆ ಮೀಸಲಿಡಿ, ಮತ್ತು ಅದನ್ನು ಊರು ಬಿಟ್ಟವರ ಬಾಯಿಂದಲೇ ಹೇಳಿಸಿ.

ಎರಡನೇ ಹಂತ: ಕಾನೂನಿನ ನೆಲವನ್ನು ಗಟ್ಟಿಮಾಡಿಕೊಳ್ಳುವುದು

ತರಬೇತುದಾರನಿಗೆ ಕಾನೂನು ಪೂರ್ತಿ ತಿಳಿದಿರಬೇಕು. ಕಲಿಯುವವರ ಮುಂದೆ ಅದರ ಹತ್ತರಲ್ಲೊಂದು ಭಾಗವನ್ನು ಇಟ್ಟರೆ ಸಾಕು. ನಾನು ಹೀಗೆ ಜೋಡಿಸಿಕೊಳ್ಳುತ್ತೇನೆ.

ಬುಡದಲ್ಲಿ ಸಂವಿಧಾನವಿದೆ. 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಮೀನುಗಾರನಿಗೂ ಇದೆ, ಸೈನಿಕನಿಗೂ ಇದೆ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು 22ನೇ ವಿಧಿ ಹೇಳುತ್ತದೆ. ಪ್ರಯಾಣಕ್ಕೆ ಬೇಕಾಗುವ ಸಮಯವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಮುದ್ರದಲ್ಲಿ ಕೆಲಸ ಮಾಡುವವರಿಗೆ ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಾಗುತ್ತದೆ: ದಡಕ್ಕೆ ಬರುವ ಹಾದಿ ಪ್ರಯಾಣವೇ ಹೊರತು, ಹಿಡಿದವರನ್ನು ದೋಣಿಯಲ್ಲಿ ಸುಮ್ಮನೆ ಕೂರಿಸಿಕೊಂಡಿರುವುದು ಪ್ರಯಾಣವಲ್ಲ.

ಇದರ ಮೇಲೆ ಯುದ್ಧಕಾಲದ ಕಾನೂನು ಬರುತ್ತದೆ. 1949ರ ನಾಲ್ಕು ಜಿನೀವಾ ಒಪ್ಪಂದಗಳನ್ನು ಭಾರತ ಒಪ್ಪಿಕೊಂಡಿದೆ. 1960ರಲ್ಲಿ ಅವುಗಳಿಗಾಗಿಯೇ ಒಂದು ಕಾಯ್ದೆಯನ್ನೂ ಮಾಡಿದೆ. ಒಪ್ಪಂದದ ವಿಷಯಗಳನ್ನು ಸೈನಿಕ ಶಿಕ್ಷಣದಲ್ಲಿ ಸೇರಿಸಬೇಕೆಂಬ ಬಾಧ್ಯತೆ ಆ ಒಪ್ಪಂದಗಳಲ್ಲಿಯೇ ಇದೆ, ಅಂದರೆ ನಾವು ನಡೆಸುವ ತರಬೇತಿ ಯಾರೋ ಹೊರಗಿನವರು ತೋರುವ ಔದಾರ್ಯವಲ್ಲ, ಸರ್ಕಾರ ಕೊಟ್ಟ ಮಾತು. ನೌಕಾಪಡೆಯವರ ಎದುರಿನಲ್ಲಿ ಎರಡನೇ ಒಪ್ಪಂದವನ್ನು ಮುಂದಿಡಬೇಕು: ಕಾದಾಟ ಮುಗಿದ ಮೇಲೆ ನೀರಿಗೆ ಬಿದ್ದವರನ್ನು, ಗಾಯಗೊಂಡವರನ್ನು ಹುಡುಕಿ ಎತ್ತಬೇಕು, ಅವರು ವೈರಿ ಪಕ್ಷದವರಾಗಿದ್ದರೂ ಎತ್ತಬೇಕು ಎಂದು ಅದು ವಿಧಿಸುತ್ತದೆ. ಕಡಲನ್ನು ಬಲ್ಲವರಿಗೆ ಇದನ್ನು ಒಪ್ಪಿಸಲು ಕಷ್ಟಪಡಬೇಕಾಗಿಲ್ಲ.

ಶಾಂತಿಕಾಲದ ಮತ್ತು ಯುದ್ಧಕಾಲದ ಕಾನೂನುಗಳು ಬೇರೆ ಬೇರೆ ಎಂಬುದನ್ನು ಮಾತ್ರ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಯುದ್ಧದಲ್ಲಿ ಎದುರಾಳಿ ಯೋಧನ ಮೇಲೆ ಗುಂಡು ಹಾರಿಸುವುದು ಕಾನೂನುಬದ್ಧವಾಗಿರಬಹುದು. ಶಾಂತಿಕಾಲದಲ್ಲಿ ಗುಂಡು ಕಟ್ಟಕಡೆಯ ದಾರಿ, ಅದೂ ಜೀವ ಉಳಿಸಿಕೊಳ್ಳುವುದಕ್ಕೆ. 1990ರಲ್ಲಿ ಹವಾನಾದಲ್ಲಿ ಅಂಗೀಕಾರವಾದ ಬಲಪ್ರಯೋಗದ ಕುರಿತ ವಿಶ್ವಸಂಸ್ಥೆಯ ತತ್ತ್ವಗಳ ಸಾರವೂ ಇದೇ. ಬೈತಖೋಲದ ತಾಂಡೇಲನ ವಿಷಯದಲ್ಲಿ ಅನ್ವಯವಾಗುವುದು ಶಾಂತಿಕಾಲದ ಕಾನೂನು.

ಗಲಭೆಪೀಡಿತವೆಂದು ಘೋಷಿಸಿದ ಪ್ರದೇಶಗಳಲ್ಲಿ ಬಂಧಿಸುವ, ಗುಂಡು ಹಾರಿಸುವ ಹೆಚ್ಚಿನ ಅಧಿಕಾರವನ್ನು ಸೇನೆಗೆ ಕೊಡುವ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ನಮ್ಮ ಕರಾವಳಿಯಲ್ಲಿ ಜಾರಿಯಲ್ಲಿಲ್ಲ. ಆದರೂ ಇಲ್ಲಿಂದ ಈಶಾನ್ಯಕ್ಕೆ ಹೋಗುವ ಯೋಧರಿಗೆ ಅದನ್ನು ಕಲಿಸಲೇಬೇಕು. 1958ರ ಆ ಕಾಯ್ದೆಯ 5ನೇ ಕಲಂ, ಬಂಧಿಸಿದವರನ್ನು ಸಾಧ್ಯವಾದಷ್ಟು ಕಡಿಮೆ ವಿಳಂಬದಲ್ಲಿ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕೆನ್ನುತ್ತದೆ. 1997ರ ನವೆಂಬರಿನಲ್ಲಿ ನಾಗಾ ಜನರ ಮಾನವ ಹಕ್ಕುಗಳ ಚಳವಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಅದರ ಜೊತೆಯಲ್ಲೇ, ‘ಮಾಡಬೇಕಾದದ್ದು, ಮಾಡಬಾರದ್ದು’ ಎಂದು ಸೇನೆ ತಾನೇ ಹೊರಡಿಸಿದ ಸೂಚನೆಗಳು ಯೋಧರನ್ನು ಕಟ್ಟಿಹಾಕುವ ನಿಯಮಗಳೆಂದೂ ಹೇಳಿತು. 2016ರ ಜುಲೈನಲ್ಲಿ ಮಣಿಪುರದ ಎನ್‌ಕೌಂಟರ್ ಸಾವುಗಳ ಪ್ರಕರಣದಲ್ಲಿ, ಮಿತಿಮೀರಿದ ಬಲಪ್ರಯೋಗಕ್ಕೆ ಆ ಕಾಯ್ದೆಯಡಿಯೂ ಪೂರ್ಣ ರಕ್ಷಣೆಯಿಲ್ಲ ಎಂದಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿಸಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ಪ್ರಾಮಾಣಿಕವಲ್ಲ.

ಕಡಲಿನ ಕಾನೂನಿನಲ್ಲಿ ಎರಡು ಸಂಗತಿ ಸಾಕು. ಭಾರತ 1995ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 73ನೇ ವಿಧಿಯ ಪ್ರಕಾರ, ವಿಶೇಷ ಆರ್ಥಿಕ ವಲಯದಲ್ಲಿ (ಕಡಲಿನ ಸಂಪತ್ತಿನ ಮೇಲೆ ತೀರದ ದೇಶಕ್ಕೆ ಹಕ್ಕಿರುವ ನೀರಿನಲ್ಲಿ) ಮೀನುಗಾರಿಕೆಯ ನಿಯಮ ಮುರಿದರೆಂದು ಹಿಡಿದ ವಿದೇಶಿ ದೋಣಿಯನ್ನೂ ಅದರ ಜನರನ್ನೂ ಯೋಗ್ಯ ಜಾಮೀನಿನ ಮೇಲೆ ಬೇಗ ಬಿಡಬೇಕು, ದೈಹಿಕ ಶಿಕ್ಷೆ ಯಾವ ಕಾರಣಕ್ಕೂ ಕೂಡದು. ಇನ್ನೊಂದು, 1999ರ ಜುಲೈ 1ರಂದು ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿ ಸೈಗಾ ಎಂಬ ಹಡಗಿನ ಪ್ರಕರಣದಲ್ಲಿ ಕೊಟ್ಟ ತೀರ್ಪು. ಹಡಗನ್ನು ನಿಲ್ಲಿಸಲು ಮೊದಲು ಕಣ್ಣಿಗೆ ಅಥವಾ ಕಿವಿಗೆ ತಲುಪುವ ಸಂಕೇತ ಕೊಡಬೇಕು. ನಿಲ್ಲದಿದ್ದರೆ ಮುಂಬದಿಯ ನೀರಿಗೆ ಎಚ್ಚರಿಕೆಯ ಗುಂಡು ಹಾರಿಸುವಂಥ ಕ್ರಮಗಳು. ಅವೆಲ್ಲ ವಿಫಲವಾದ ಮೇಲಷ್ಟೇ ಬಲಪ್ರಯೋಗ, ಅದಕ್ಕೂ ಮುನ್ನ ಮತ್ತೊಮ್ಮೆ ಎಚ್ಚರಿಕೆ, ಮತ್ತು ಜೀವಕ್ಕೆ ಅಪಾಯವಾಗದಂತೆ ಎಲ್ಲ ಪ್ರಯತ್ನ. ಮುಂದೆ ಹೇಳುವ ಕವಾಯತಿಗೆ, ಅಂದರೆ ಸನ್ನಿವೇಶವನ್ನು ನಟಿಸಿ ಮಾಡುವ ಅಭ್ಯಾಸಕ್ಕೆ, ಈ ಮೆಟ್ಟಿಲುಗಳೇ ಆಧಾರ.

ಮೂರನೇ ಹಂತ: ಕಲಿಸುವವರು ಮತ್ತು ಕಾಲ

ಕಮಾಂಡಿಂಗ್ ಆಫೀಸರರು ಉದ್ಘಾಟನೆ ಮಾಡಿ ಎದ್ದು ಹೋಗುವ ತರಬೇತಿಯನ್ನು ಒಪ್ಪಿಕೊಳ್ಳಬೇಡಿ. ಅವರು ಎದ್ದು ಹೋದ ಗಳಿಗೆಯಲ್ಲೇ, ಇದು ಮುಖ್ಯವಲ್ಲ ಎಂಬ ಪಾಠವನ್ನು ಎಲ್ಲರೂ ಕಲಿತಿರುತ್ತಾರೆ. ಅವರು ಕನಿಷ್ಠ ಒಂದು ಕವಾಯತಿನ ಕೊನೆಯವರೆಗೂ ನಿಂತು ನೋಡಿ, ತಮ್ಮ ಮಾತಿನಲ್ಲಿ ತಿದ್ದಬೇಕು. ಕಾನೂನಿನ ಭಾಗವನ್ನು ವಕೀಲರೋ ಪಡೆಯ ಕಾನೂನು ಅಧಿಕಾರಿಯೋ ಹೇಳಲಿ, ಕವಾಯತನ್ನು ಮಾತ್ರ ಅದೇ ಘಟಕದ ಅನುಭವಿ ಹವಾಲ್ದಾರನೋ ಪೆಟ್ಟಿ ಆಫೀಸರೋ ನಡೆಸಲಿ. ಗುಂಪು 25 ಜನರಿಗಿಂತ ದೊಡ್ಡದಾಗಬಾರದು. ರಾತ್ರಿ ಕಾವಲು ಮುಗಿಸಿ ಬಂದವರನ್ನು ಬೆಳಗಿನ ತರಗತಿಗೆ ಕೂರಿಸಬಾರದು. ಜವಾನರಿಗೆ ಮೂರು ಅರ್ಧ ದಿನಗಳು, ನಡುವಿನ ಹುದ್ದೆಯವರಿಗೆ ಎರಡು ಪೂರ್ಣ ದಿನಗಳು ಬೇಕು. ಅಧಿಕಾರಿಗಳಿಗೆ ಒಂದು ದಿನವಾದರೂ ಸಾಲುತ್ತದೆ, ಅವರು ಕವಾಯತಿಗೂ ಬರುವುದಾದರೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಒಳ್ಳೆಯ ಕಾಲ ಜೂನ್ ಮತ್ತು ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಟ್ರಾಲ್ ಮತ್ತು ಪರ್ಸೀನ್ ಬಲೆಗಳ ಬೋಟಿನವರು ದಡದಲ್ಲೇ ಇರುತ್ತಾರೆ, ಬಲೆ ಹೆಣೆಯುತ್ತಾ ಕೂತಿರುತ್ತಾರೆ. ಉಳಿದ ಹತ್ತು ತಿಂಗಳಲ್ಲಿ ಅವರನ್ನು ಕರೆದರೆ ಒಂದು ದಿನದ ದುಡಿಮೆ ಬಿಟ್ಟು ಬರಬೇಕಾಗುತ್ತದೆ. ಖಾರ್ವಿ, ಹರಿಕಂತ್ರ, ಅಂಬಿಗ, ಗಾಬೀತ ಎಂಬ ಮೀನುಗಾರ ಸಮುದಾಯಗಳ ಕೇರಿಗಳಿಂದ ನಾಲ್ಕೈದು ಮಂದಿಯನ್ನು ಕರೆತನ್ನಿ. ಮೀನು ಮಾರುವ ಹೆಂಗಸರನ್ನು ತಪ್ಪದೆ ಕರೆಯಿರಿ. ದೋಣಿ ಮರಳದ ರಾತ್ರಿ ಬಂದರಿನಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ ಬೆಳಗಿನವರೆಗೆ ಕಾಯುವವರು ಅವರು.

ನಾಲ್ಕನೇ ಹಂತ: ಕವಾಯತು

ತರಬೇತಿಯ ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೆ ಹೋಗಬೇಕು. ಬಂದೂಕು ಬಿಚ್ಚಿ ಜೋಡಿಸುವುದನ್ನು ಕಣ್ಣು ಮುಚ್ಚಿ ಮಾಡುವಷ್ಟು ರೂಢಿ ಮಾಡಿಸುವ ಪಡೆ, ಒಬ್ಬ ಮನುಷ್ಯನನ್ನು ತಡೆದು ನಿಲ್ಲಿಸುವ ಕ್ರಮವನ್ನು ಒಂದು ಭಾಷಣಕ್ಕೆ ಬಿಟ್ಟುಕೊಡಬಾರದು. ಭಯದಲ್ಲಿ ಬುದ್ಧಿ ಹಿಂದೆ ಸರಿಯುತ್ತದೆ, ಆಗ ಕೆಲಸ ಮಾಡುವುದು ಮೈಗೆ ಹತ್ತಿದ ಅಭ್ಯಾಸ.

ಮೊದಲಿಗೆ ಹೇಳಿದ ದೋಣಿಯ ಸನ್ನಿವೇಶವನ್ನೇ ತೆಗೆದುಕೊಳ್ಳೋಣ. ನೀರಿಗೆ ಇಳಿಯುವ ಮೊದಲು ಮೈದಾನದಲ್ಲಿ ಹಗ್ಗ ಹಾಸಿ ದೋಣಿಯ ಆಕಾರ ಮಾಡಿ, ಅದರೊಳಗೆ ಮೂವರನ್ನು ಕೂರಿಸಿ. ಆದಷ್ಟೂ ಕತ್ತಲೆಯ ಹೊತ್ತಿನಲ್ಲೇ ನಡೆಸಿ. ಗಸ್ತಿನ ತಂಡ ಮೊದಲು ದೂರವನ್ನು ಕಾಯ್ದುಕೊಳ್ಳಬೇಕು, ಏಕೆಂದರೆ ದೂರವಿದ್ದರೆ ಯೋಚಿಸಲು ಸಮಯ ಸಿಗುತ್ತದೆ. ಹತ್ತಿರ ನುಗ್ಗಿದವನಿಗೆ ಉಳಿಯುವ ದಾರಿಗಳು ಕಡಿಮೆ. ಬೆಳಕನ್ನು ದೋಣಿಯ ಒಡಲಿನ ಮೇಲೆ, ಕೈಗಳು ಕಾಣುವಂತೆ ಬಿಡಬೇಕು. ಕಣ್ಣಿಗೆ ಬಿಟ್ಟರೆ ಕುಳಿತವನು ಕುರುಡನಾಗುತ್ತಾನೆ, ಕುರುಡಾದವನು ಕೈ ಎತ್ತಿ ಮುಖ ಮುಚ್ಚಿಕೊಳ್ಳುತ್ತಾನೆ, ಆ ಚಲನೆಯನ್ನೇ ದಾಳಿಯೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ. ಅನಂತರ ಹಾರ್ನ್, ಅದರ ಹಿಂದೆ ಧ್ವನಿವರ್ಧಕದಲ್ಲಿ ಮಾತು. ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. “ನಾವು ನೌಕಾಪಡೆಯವರು. ಹೆದರಬೇಡಿ. ಎಂಜಿನ್ ಬಂದ್ ಮಾಡಿ. ಕೈಗಳು ಕಾಣುವ ಹಾಗೆ ಇಟ್ಟುಕೊಳ್ಳಿ. ಯಾರಿಗಾದರೂ ಪೆಟ್ಟಾಗಿದೆಯೆ?” ಇಷ್ಟನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಪ್ರತಿಯೊಬ್ಬ ನಾವಿಕ ಬಾಯಿಪಾಠ ಮಾಡಬೇಕು. ಸ್ಥಳೀಯ ಉಚ್ಚಾರಣೆಯಲ್ಲಿ ಧ್ವನಿಮುದ್ರಣ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಕೂಗಿದ್ದು ಎದುರಿನವನಿಗೆ ಅರ್ಥವಾಗದಿದ್ದರೆ ಅದನ್ನು ಎಚ್ಚರಿಕೆಯೆಂದು ಕರೆಯಲಾಗದು.

ಪ್ರತ್ಯುತ್ತರ ಬಂದರೆ ಗುರುತಿನ ಚೀಟಿ, ದೋಣಿಯ ನೋಂದಣಿ ಸಂಖ್ಯೆ ಕೇಳಬೇಕು. ಪ್ರತ್ಯುತ್ತರವಿಲ್ಲದೆ ದೋಣಿ ಚಲಿಸತೊಡಗಿದರೆ ಸೈಗಾ ತೀರ್ಪಿನ ಮೆಟ್ಟಿಲುಗಳನ್ನು ಒಂದೊಂದಾಗಿ ಏರಬೇಕು, ಪ್ರತಿ ಮೆಟ್ಟಿಲಿನಲ್ಲೂ ನಿಂತು, ‘ಈಗ ಯಾರ ಜೀವಕ್ಕಾದರೂ ಅಪಾಯವಿದೆಯೆ?’ ಎಂದು ತಂಡದ ಮುಖ್ಯಸ್ಥ ಗಟ್ಟಿಯಾಗಿ ಕೇಳಬೇಕು. ಓಡುವುದೇ ಅಪರಾಧದ ಸಾಕ್ಷಿಯಲ್ಲ, ಹೆದರಿದವನೂ ಓಡುತ್ತಾನೆ. ನನ್ನನ್ನು ಪ್ರಶ್ನಿಸಿದ ಹವಾಲ್ದಾರರಿಗೆ ಇಂದು ನಾನು ಕೊಡುವ ಉತ್ತರ ಇದು: ಮರೆಗೆ ಸರಿಯಿರಿ, ಅವನ ಕೈ ನೋಡಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೂಗಿ ಹೇಳಿ, ಸಂಗಡಿಗರಿಗೆ ತಿಳಿಸಿ, ಬೆನ್ನು ತೋರಿಸಿ ಓಡುವವನಿಂದ ಆ ಕ್ಷಣಕ್ಕೆ ಯಾರ ಜೀವಕ್ಕೂ ಕುತ್ತಿಲ್ಲವಾದರೆ ಬೆರಳು ಟ್ರಿಗರ್‌ನ ಹೊರಗಿರಲಿ.

ದೋಣಿ ಹತ್ತಿದ ಮೇಲೆ ಬಲೆಯನ್ನೂ ಮೀನನ್ನೂ ಹೇಗೆ ನೋಡಿಕೊಳ್ಳುತ್ತೇವೆ ಎಂಬುದೂ ಹಕ್ಕಿನ ವಿಷಯವೇ. ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1985ರಲ್ಲಿಯೇ ಹೇಳಿದೆ. ತಪಾಸಣೆಯಲ್ಲಿ ಬಲೆ ಕತ್ತರಿಸಿಹೋದ ಮೀನುಗಾರರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಅವರ ದೂರು ತಡೆದು ನಿಲ್ಲಿಸಿದ್ದರ ಬಗ್ಗೆ ಇರಲಿಲ್ಲ. “ತಡೀಲಿ ವಕೀಲರೇ, ಅದು ಅವರ ಕೆಲಸ. ಬಲೆ ಕತ್ತರಿಸಿದ್ದು ಯಾಕೆ?” ಎಂದು ಕೇಳಿದರು. ಸಾಲ ಮಾಡಿ ಕೊಂಡ ಬಲೆ ಅದು. ಕವಾಯತಿನಲ್ಲಿ ನಿಜವಾದ ಬಲೆಯನ್ನೇ ಇಟ್ಟು, ಅದನ್ನು ಕೆಡಿಸದೆ ಎತ್ತಿ ಕೆಳಗೆ ನೋಡುವುದು ಹೇಗೆಂದು ಮೀನುಗಾರರಿಂದಲೇ ಹೇಳಿಕೊಡಿಸಿ.

ಇಷ್ಟಾದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡಿ. ನಾವಿಕರು ಹಗ್ಗದ ದೋಣಿಯೊಳಗೆ ಕೂರಲಿ, ಅವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅವರ ಮೇಲೆ ಆಜ್ಞೆಗಳು ಬೀಳಲಿ. ಐದು ನಿಮಿಷ ಸಾಕು. ಆ ಐದು ನಿಮಿಷದ ಅನಂತರದ ಮೌನದಲ್ಲಿ ನಡೆಯುವ ಮಾತುಕತೆಯೇ ಇಡೀ ತರಬೇತಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಅವಸರದಲ್ಲಿ ಮುಗಿಸಬೇಡಿ.

ನಿಜವಾದ ಪ್ರಕರಣಗಳನ್ನು ಹೇಳಬೇಕಾದದ್ದು ಈಗ, ಮೊದಲಿಗಲ್ಲ. 2012ರ ಫೆಬ್ರುವರಿ 15ರಂದು ಕೇರಳದ ತೀರದಾಚೆ ಇಟಲಿಯ ಎನ್ರಿಕಾ ಲೆಕ್ಸಿ ಹಡಗಿನ ಕಾವಲಿನಲ್ಲಿದ್ದ ಆ ದೇಶದ ನೌಕಾಯೋಧರು ಸೇಂಟ್ ಆಂಟನಿ ಎಂಬ ಮೀನುಗಾರಿಕಾ ದೋಣಿಯನ್ನು ಕಡಲ್ಗಳ್ಳರದೆಂದು ಭಾವಿಸಿ ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಅಂತರರಾಷ್ಟ್ರೀಯ ಮಧ್ಯಸ್ಥಿಕೆಯವರೆಗೆ ಹೋದ ವ್ಯಾಜ್ಯ, 10 ಕೋಟಿ ರೂಪಾಯಿ ಪರಿಹಾರದೊಂದಿಗೆ 2021ರ ಜೂನಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಕ್ತಾಯವಾಯಿತು. ಆಗ ನಾವೆಲ್ಲರೂ ಮೀನುಗಾರರ ಪರವಾಗಿ ಸಿಟ್ಟುಗೊಂಡಿದ್ದೆವು. ಹಾಗಿದ್ದ ಮೇಲೆ 2022ರ ಅಕ್ಟೋಬರ್ 21ರಂದು ಪಾಕ್ ಕೊಲ್ಲಿಯಲ್ಲಿ ನಿಲ್ಲದ ದೋಣಿಯ ಮೇಲೆ ನಮ್ಮದೇ ನೌಕಾಪಡೆಯ ಹಡಗಿನಿಂದ ಹಾರಿದ ಗುಂಡಿಗೆ ತಮಿಳುನಾಡಿನ ಮೀನುಗಾರನೊಬ್ಬ ಗಾಯಗೊಂಡದ್ದನ್ನೂ ಅಷ್ಟೇ ನೇರವಾಗಿ ಚರ್ಚಿಸಬೇಕು. ನೆಲದ ಮೇಲೆ ಕೆಲಸ ಮಾಡುವವರಿಗೆ 2021ರ ಡಿಸೆಂಬರ್ 4ರ ನಾಗಾಲ್ಯಾಂಡಿನ ಓಟಿಂಗ್ ಘಟನೆಯಿದೆ. ಕೆಲಸ ಮುಗಿಸಿ ವಾಹನದಲ್ಲಿ ಮನೆಗೆ ಮರಳುತ್ತಿದ್ದ ಗಣಿ ಕಾರ್ಮಿಕರನ್ನು ಉಗ್ರರೆಂದು ತಪ್ಪಾಗಿ ತಿಳಿದು ಕೊಂದ ಪ್ರಕರಣ ಅದು. ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿ: ಯಾವ ಮೆಟ್ಟಿಲನ್ನು ಹಾರಿದರು?

ಗೇಟಿನ ಕವಾಯತು ಚಿಕ್ಕದು. ಬಾಲ್ಯದಲ್ಲಿ ತಾನು ಹೂವು ಏರಿಸುತ್ತಿದ್ದ, ಈಗ ನೆಲೆಯೊಳಗೆ ಸೇರಿಹೋಗಿರುವ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇನೆಂದು ವಯಸ್ಸಾದ ಹೆಂಗಸೊಬ್ಬರು ಬರುತ್ತಾರೆ, ಅನುಮತಿಪತ್ರವಿಲ್ಲ. ಒಳಗೆ ಬಿಡಲಾಗದಿರಬಹುದು, ಆದರೆ “ಅಮ್ಮ, ಕೂತುಕೊಳ್ಳಿ” ಎಂದು ಕುರ್ಚಿ ಕೊಟ್ಟು, ಅನುಮತಿ ಯಾರಲ್ಲಿ ಕೇಳಬೇಕೆಂದು ಬರೆದುಕೊಟ್ಟು ಕಳಿಸುವುದು ಸಾಧ್ಯ. ಹೆಂಗಸರ ತಪಾಸಣೆಯನ್ನು ಮಹಿಳಾ ಸಿಬ್ಬಂದಿಯೇ ಮಾಡಬೇಕೆಂಬುದನ್ನು ಇಲ್ಲಿಯೇ ಅಭ್ಯಾಸ ಮಾಡಿಸಿ.

ವಿಪತ್ತಿನ ಕವಾಯತಿಗೆ ನಮ್ಮ ಜಿಲ್ಲೆಯಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ ಎಂಬುದು ದುಃಖದ ಮಾತು. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ನೌಕಾಪಡೆ, ಕೋಸ್ಟ್ ಗಾರ್ಡ್ ಮತ್ತು ಊರಿನ ದೋಣಿಗಳು ಒಟ್ಟಾಗಿ ಹುಡುಕಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಜನರೂ ವಾಹನಗಳೂ ಗಂಗಾವಳಿ ನದಿಯ ಪಾಲಾದವು. ನೌಕಾಪಡೆಯ ಮುಳುಗುಗಾರರು ಕೆಸರುನೀರಿನಲ್ಲಿ ಹುಡುಕಿದರು, ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳಿಗೂ ಹೆಚ್ಚು ಕಾಲ ಉತ್ತರಕ್ಕಾಗಿ ಕಾಯುವವರ ಹಕ್ಕುಗಳು ಯಾವುವು? ಹುಡುಕಾಟದ ಸ್ಥಿತಿ ಏನೆಂದು ಪ್ರತಿದಿನ ಒಬ್ಬ ಗೊತ್ತಾದ ಅಧಿಕಾರಿಯಿಂದ ತಿಳಿಯುವುದು, ಶೋಧ ನಿಲ್ಲಿಸಿದರೆ ಕಾರಣವನ್ನು ಮೊದಲು ತಾವು ಕೇಳುವುದು, ಸಿಕ್ಕ ದೇಹವನ್ನು ಮೊಬೈಲಿನಲ್ಲಿ ಯಾರೂ ಚಿತ್ರ ತೆಗೆಯದಿರುವುದು, ಅದನ್ನು ಬಟ್ಟೆ ಹೊದಿಸಿ ಗೌರವದಿಂದ ಒಪ್ಪಿಸುವುದು. ಇದನ್ನು ಮಾತಿನಲ್ಲಿ ಹೇಳಿ ಬಿಡದೆ, ಒಬ್ಬನನ್ನು ಮಗನನ್ನು ಕಳೆದುಕೊಂಡ ತಂದೆಯಾಗಿ ನಿಲ್ಲಿಸಿ, ಇನ್ನೊಬ್ಬನಿಗೆ ಸುದ್ದಿ ಹೇಳುವ ಕೆಲಸ ಕೊಡಿ.

ಐದನೇ ಹಂತ: ಪಾಲಿಸಬಾರದ ಆದೇಶ

“ಇವನಿಗೆ ನಾಲ್ಕು ಬಾರಿಸು, ಬಾಯಿ ಬಿಡುತ್ತಾನೆ” ಎಂದು ಹಿರಿಯರೊಬ್ಬರು ಹೇಳಿದಾಗ ಕಿರಿಯನು ಏನು ಮಾಡಬೇಕು? ಹೆಚ್ಚಿನ ತರಬೇತಿಗಳು ಈ ಪ್ರಶ್ನೆಯನ್ನು ಮುಟ್ಟದೆ ದಾಟುತ್ತವೆ. ಸೇನಾ ಕಾಯ್ದೆ ಶಿಕ್ಷಿಸುವುದು ಕಾನೂನುಬದ್ಧ ಆದೇಶವನ್ನು ಮೀರಿದವನನ್ನು; ಆ ವಿಶೇಷಣ ಅಲ್ಲಿ ಸುಮ್ಮನೆ ಬಂದುದಲ್ಲ. ತಪ್ಪೊಪ್ಪಿಗೆ ಹೊರಡಿಸಲು ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ ಪ್ರಕಾರ ಅಪರಾಧ. ಚಿತ್ರಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿ ಇನ್ನೂ ಅನುಮೋದಿಸಿಲ್ಲ ಎಂಬುದನ್ನು ಮುಚ್ಚಿಡಬೇಡಿ. ಹಾಗೆಂದು ಇಲ್ಲಿ ಹೊಡೆಯಬಹುದು ಎಂದಾಗುವುದಿಲ್ಲ ಎಂಬುದನ್ನೂ ಹೇಳಿ.

ಕಿರಿಯನಿಗೆ ಧೈರ್ಯದ ಉಪದೇಶ ಬೇಡ, ಹೇಳಬಹುದಾದ ವಾಕ್ಯಗಳು ಬೇಕು. “ಸರ್, ಇವನನ್ನು ಪೊಲೀಸರಿಗೆ ಒಪ್ಪಿಸುವ ಸಮಯ ಬರೆದುಕೊಳ್ಳಲೆ?” “ಸರ್, ಮೊದಲು ವೈದ್ಯರಿಗೆ ತೋರಿಸಬೇಕೆಂದು ನಿಯಮವಿದೆ, ಕರೆಸುತ್ತೇನೆ.” “ಸರ್, ಇದನ್ನು ನಾನು ಮಾಡಲಾರೆ.” ಮೊದಲಿನ ಎರಡು ವಾಕ್ಯಗಳು ಹಿರಿಯನ ಮರ್ಯಾದೆಗೆ ಧಕ್ಕೆ ತರದೆ ಅವನಿಗೆ ಹಿಂದೆ ಸರಿಯಲು ದಾರಿ ಕೊಡುತ್ತವೆ, ಮೂರನೆಯದು ಆ ದಾರಿ ಮುಚ್ಚಿದಾಗ. ಮೂರನ್ನೂ ‘ಸಾವಧಾನ್’ ಭಂಗಿಯಲ್ಲಿ ನಿಂತು, ಗಟ್ಟಿಯಾಗಿ, ಹತ್ತು ಸಲ ಹೇಳಿಸಿ. ಅಧಿಕಾರಿಗಳ ತರಗತಿಯಲ್ಲಿ ಇದನ್ನೇ ತಿರುಗಿಸಿ, ಹೀಗೆ ಹೇಳಿದ ಕಿರಿಯನನ್ನು ಶಿಕ್ಷಿಸದೆ ಉತ್ತರಿಸುವುದು ಹೇಗೆಂದು ಅಭ್ಯಾಸ ಮಾಡಿಸಿ.

ಆರನೇ ಹಂತ: ಅವರ ಪ್ರಶ್ನೆಗಳಿಗೆ ಉತ್ತರ

“ನಮಗೂ ಹಕ್ಕುಗಳಿಲ್ಲವೆ?” ಎಂಬುದು ಬಂದೇ ಬರುವ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಸೈನಿಕರ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಮಿತಗೊಳಿಸಬೇಕೆಂದು ನಿರ್ಧರಿಸುವ ಅಧಿಕಾರವನ್ನು 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಯಾವೊಬ್ಬ ಮೇಲಧಿಕಾರಿಗೂ ಕೊಟ್ಟಿಲ್ಲ. ಅಹವಾಲು ಸಲ್ಲಿಸುವ ದಾರಿ ಸೇನಾ ಕಾಯ್ದೆಯಲ್ಲಿಯೂ ನೌಕಾಪಡೆ ಕಾಯ್ದೆಯಲ್ಲಿಯೂ ಇದೆ. 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂದಿದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಿದೆ. ಇವನ್ನು ವಿವರವಾಗಿ ಹೇಳಿ. ತನ್ನ ಅಹವಾಲಿಗೆ ಕಿವಿಗೊಡುವವರಿದ್ದಾರೆ ಎಂದು ಕಂಡವನು ಇನ್ನೊಬ್ಬರ ಅಹವಾಲಿಗೂ ಕಿವಿಗೊಡುತ್ತಾನೆ.

“ಎದುರಾಳಿ ಯಾವ ನಿಯಮವನ್ನೂ ಪಾಲಿಸುವುದಿಲ್ಲವಲ್ಲ?” ಎಂಬುದು ಎರಡನೆಯದು. 2008ರ ನವೆಂಬರ್ 26ರ ಮುಂಬಯಿ ದಾಳಿಕೋರರು ಅಪಹರಿಸಿದ ಮೀನುಗಾರಿಕಾ ದೋಣಿಯಲ್ಲಿ ಬಂದಿದ್ದರು. ಅಂದಿನಿಂದ ಕರಾವಳಿಯ ಭದ್ರತೆಯಲ್ಲಿ, ಅಪರಿಚಿತ ದೋಣಿಯನ್ನು ಕಂಡ ಕೂಡಲೇ ತಿಳಿಸುವ ಮೀನುಗಾರರ ಕಣ್ಣಿಗೆ ದೊಡ್ಡ ಸ್ಥಾನವಿದೆ. ಮಾಜಾಳಿಯಿಂದ ಭಟ್ಕಳದವರೆಗಿನ ಕಡಲಿನಲ್ಲಿ ಹೊಸದೇನು ಕಂಡರೂ ಮೊದಲು ಕಾಣುವುದು ಅವರಿಗೇ. ನಿನ್ನೆ ಬಲೆ ಕತ್ತರಿಸಿದವರಿಗೆ ಇಂದು ಅವರು ಫೋನು ಮಾಡುವರೆ? ಈ ಉತ್ತರ ನೌಕಾಪಡೆಯವರಿಗೆ ತಟ್ಟನೆ ಅರ್ಥವಾಗುತ್ತದೆ. ಅದಕ್ಕಿಂತ ಆಳದ ಉತ್ತರವೊಂದಿದೆ, ಅದು ಕಾರವಾರದ ಕಡಲತೀರದಲ್ಲಿ ಪ್ರತಿಮೆಯಾಗಿ ನಿಂತಿದೆ. ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆಯವರಿಗೆ ಪರಮವೀರ ಚಕ್ರ ಬಂದದ್ದು, 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಯ ಹಾದಿಯಲ್ಲಿ ಗಾಯಗೊಂಡೂ ಗುಂಡಿನ ಮಳೆಯ ನಡುವೆ ನೆಲಬಾಂಬುಗಳನ್ನೂ ಅಡೆತಡೆಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟದ್ದಕ್ಕೆ. ಆ ದಾರಿ ತೆರೆದದ್ದರಿಂದ ರಜೌರಿಯ ನಾಗರಿಕರಿಗೆ ಸಹಾಯ ತಲುಪಿತು. ತರಗತಿಯನ್ನು ಒಮ್ಮೆ ಆ ಪ್ರತಿಮೆಯ ಬಳಿಗೆ ಕರೆದೊಯ್ದು ಈ ಕಥೆ ಹೇಳಿ, ಬೇರೆ ವ್ಯಾಖ್ಯಾನ ಬೇಡ.

ಏಳನೇ ಹಂತ: ಬರೆದಿಡುವುದು ಮತ್ತು ದೂರು

ಘಟನೆಯ ಮೊದಲ ಒಂದು ತಾಸಿನಲ್ಲಿ ಬರೆದಿಟ್ಟದ್ದಕ್ಕೆ ಇರುವ ಬೆಲೆ ತಿಂಗಳ ಮೇಲೆ ಬರೆದದ್ದಕ್ಕೆ ಇರುವುದಿಲ್ಲ. ಯಾರನ್ನು, ಎಲ್ಲಿ, ಎಷ್ಟು ಗಂಟೆಗೆ ತಡೆದಿರಿ, ಮೈಮೇಲೆ ಆಗಲೇ ಗಾಯಗಳಿದ್ದವೆ, ಏನೇನು ವಶಪಡಿಸಿಕೊಂಡಿರಿ, ಕರಾವಳಿ ಕಾವಲು ಪೊಲೀಸರಿಗೆ ಎಷ್ಟು ಗಂಟೆಗೆ ಒಪ್ಪಿಸಿದಿರಿ, ಮನೆಯವರಿಗೆ ಯಾರು ತಿಳಿಸಿದರು. ಬಂಧನದ ಕುರಿತು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಪೊಲೀಸರಿಗೆ ಕೊಟ್ಟ ಸೂಚನೆಗಳನ್ನು ಮಾದರಿಯಾಗಿಟ್ಟುಕೊಂಡು ಒಂದೇ ಪುಟದ ನಮೂನೆ ಮಾಡಿಕೊಳ್ಳಿ.

1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 19ನೇ ಕಲಂ ಪ್ರಕಾರ, ಸಶಸ್ತ್ರ ಪಡೆಗಳ ವಿರುದ್ಧದ ದೂರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನೇ ತನಿಖೆಗೆ ಇಳಿಯುವುದಿಲ್ಲ. ಕೇಂದ್ರ ಸರ್ಕಾರದಿಂದ ವರದಿ ಕೇಳುತ್ತದೆ, ಶಿಫಾರಸು ಮಾಡುತ್ತದೆ, ಕೈಗೊಂಡ ಕ್ರಮವನ್ನು ಸರ್ಕಾರ ಮೂರು ತಿಂಗಳಲ್ಲಿ ತಿಳಿಸಬೇಕು. ದೂರು ಘಟನೆಯಾದ ಒಂದು ವರ್ಷದೊಳಗೆ ಬರಬೇಕು. ಈ ವ್ಯವಸ್ಥೆ ದುರ್ಬಲವೆಂದೇ ನನ್ನ ಅಭಿಪ್ರಾಯ. ಸರ್ಕಾರದ ವರದಿ ಕೊನೆಗೆ ನಿಲ್ಲುವುದು ಘಟಕದ ದಾಖಲೆಯ ಮೇಲೆಯೇ ಆದ್ದರಿಂದ, ಆ ಮೊದಲ ಪುಟವನ್ನು ಸತ್ಯವಾಗಿ ಬರೆಯುವ ಹವಾಲ್ದಾರನ ಹೊಣೆ ಇನ್ನಷ್ಟು ದೊಡ್ಡದು. ಊರಿನವರ ದೂರನ್ನು ತೆಗೆದುಕೊಳ್ಳುವ ಒಬ್ಬ ಅಧಿಕಾರಿಯ ಹುದ್ದೆ ಮತ್ತು ದೂರವಾಣಿ ಸಂಖ್ಯೆಯನ್ನು ಬಂದರಿನ ಫಲಕದಲ್ಲಿ ಕನ್ನಡದಲ್ಲಿ ಬರೆಸಿ.

ಎಂಟನೇ ಹಂತ: ಅಳೆಯುವುದು, ಮತ್ತೆ ಮಾಡುವುದು

ಕೊನೆಯ ದಿನದ ಲಿಖಿತ ಪರೀಕ್ಷೆಯಿಂದ ನೆನಪಿನ ಶಕ್ತಿಯಷ್ಟೇ ತಿಳಿಯುತ್ತದೆ. ಮೂರು ತಿಂಗಳ ಅನಂತರ, ಮುನ್ಸೂಚನೆ ಕೊಡದೆ, ರಾತ್ರಿಯ ಗಸ್ತಿನ ನಡುವೆ ಅದೇ ದೋಣಿಯ ಕವಾಯತನ್ನು ಮದ್ದುಗುಂಡಿಲ್ಲದೆ ನಡೆಸಿ ನೋಡಿ. ಯಾವ ಮೆಟ್ಟಿಲು ಮರೆತುಹೋಗಿದೆ ಎಂದು ಬರೆದುಕೊಳ್ಳಿ. ತಡೆದ ದೋಣಿಗಳನ್ನು ಎಷ್ಟು ಹೊತ್ತು ಇಟ್ಟುಕೊಂಡರು, ಎಷ್ಟು ಬಾರಿ ಎಚ್ಚರಿಕೆಯ ಗುಂಡು ಹಾರಿತು, ದೂರುಗಳು ಎಷ್ಟು ಬಂದವು ಎಂಬ ಲೆಕ್ಕವನ್ನು ಹಿಂದಿನ ವರ್ಷದ ಲೆಕ್ಕದ ಪಕ್ಕ ಇಡಿ. ತರಬೇತಿಯ ಮೊದಲ ವರ್ಷ ದೂರುಗಳು ಹೆಚ್ಚಾದರೆ ಗಾಬರಿಯಾಗಬೇಡಿ. ದೂರು ಕೊಡಬಹುದೆಂದು ಜನರಿಗೆ ತಿಳಿದಿದೆ ಎಂದೇ ಅದರ ಅರ್ಥವಿರಬಹುದು. ಬಂದರಿಗೆ ಹೋಗಿ ತಾಂಡೇಲರನ್ನೇ ಕೇಳಿ.

ವರ್ಗಾವಣೆಗಳು ಆಗುತ್ತಲೇ ಇರುವುದರಿಂದ ಇಂದು ಕಲಿತವರು ಎರಡು ಮೂರು ವರ್ಷಗಳಲ್ಲಿ ಇಲ್ಲಿರುವುದಿಲ್ಲ. ಹಾಗಾಗಿ ಪ್ರತಿ ಮಳೆಗಾಲದಲ್ಲೂ ಮೊದಲಿನಿಂದ ಆರಂಭಿಸಬೇಕು. ದೋಣಿಯವರಿಗೆ ಕೂಗಿ ಹೇಳುವ ಆ ಐದು ವಾಕ್ಯಗಳ ಕನ್ನಡ, ಕೊಂಕಣಿ, ಹಿಂದಿ ಚೀಟಿಯನ್ನು ನೀರು ತಾಗದಂತೆ ಲ್ಯಾಮಿನೇಟ್ ಮಾಡಿಸಿ ಜುಲೈ ಕೊನೆಯ ವಾರದಲ್ಲಿ ಎಲ್ಲ ಗಸ್ತಿನ ದೋಣಿಗಳಿಗೂ ಹಂಚಿ, ಅದೇ ವಾರ ತಂಡಗಳಿಗೆ ಒಂದು ಸುತ್ತು ಕವಾಯತು ಮಾಡಿಸಿ. ಆಗಸ್ಟ್ 1ರ ನಸುಕಿನಲ್ಲಿ ಬೈತಖೋಲದ ಬೋಟುಗಳು ನೀರಿಗೆ ಇಳಿಯುವ ಮೊದಲು, ಆ ರಾತ್ರಿ ಗಸ್ತಿನಲ್ಲಿರುವ ಪೆಟ್ಟಿ ಆಫೀಸರರು ಬಂದರಿಗೆ ಬಂದು ಬೋಟು ಮಾಲೀಕರನ್ನು ಮುಖತಃ ಕಂಡು, ಎಂಜಿನ್ ಕೆಟ್ಟು ತೇಲಿದರೆ ಯಾವ ರೇಡಿಯೊ ಚಾನೆಲ್‌ನಲ್ಲಿ ಕರೆಯಬೇಕೆಂದು ಹೇಳಿ, ಒಮ್ಮೆ ಕರೆ ಮಾಡಿಸಿ ನೋಡಿ ಹೋಗಲಿ.